ಸಾರು ಆರದ ದೂರ

ನಮ್ಮೂರಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಎಷ್ಟು ದೂರವೆಂದು ಕೇಳಿದರೆ ಯಾರೂ ಮೈಲಿಯ ಲೆಕ್ಕ ಹೇಳುವುದಿಲ್ಲ. ಒಲೆಯಿಂದ ಇಳಿಸಿದ ಸಾರನ್ನು ಡಬ್ಬಿಗೆ ಹಾಕಿಕೊಂಡು ಹೊರಟರೆ ಆ ಮನೆಯ ಹೊಸ್ತಿಲು ಮುಟ್ಟುವಾಗ ಅದು ಹೇಗಿರುತ್ತದೆ ಎಂಬುದನ್ನು ಹೇಳುತ್ತಾರೆ. ನಾಲಿಗೆ ಸುಡುವ ದೂರ, ಬೆಚ್ಚಗಿನ ದೂರ, ಆರಿದ ದೂರ. ಬಿಸಿ ಹಿಡಿದಿಡುವ ಡಬ್ಬಿಗಳು ಪೇಟೆಗೆ ಬಂದಾಗ ಕೆಲವರು ಅದರಲ್ಲಿ ಸಾರು ಒಯ್ದು, ತಮ್ಮ ಮಗಳ ಮನೆ ನಾಲಿಗೆ ಸುಡುವ ದೂರದಲ್ಲಿದೆ ಎಂದು ಹೇಳಿಕೊಂಡರು. ಹಿರಿಯರು ಒಪ್ಪಲಿಲ್ಲ. ಅದು ಡಬ್ಬಿಯ ಗುಣ, ದಾರಿಯದಲ್ಲ ಎಂದರು.

ಮೈಲಿಗಲ್ಲು ನೆಡಲು ಒಮ್ಮೆ ಸರ್ಕಾರದವರು ಬಂದಿದ್ದರಂತೆ. ಕಲ್ಲುಗಳು ಈಗಲೂ ಇವೆ. ಅವುಗಳ ಮೇಲಿನ ಅಂಕಿ ಓದಿ ನಾವು ನಗುತ್ತೇವೆ. ನಮ್ಮ ದಾರಿಗಳು ನಡೆದರೆ ಕುಗ್ಗುತ್ತವೆ, ಮೋಟಾರು ಓಡಿದರೆ ಹಿಗ್ಗುತ್ತವೆ. ಸೈಕಲ್ಲು ಹೋದರೆ ಇದ್ದಷ್ಟೇ ಇರುತ್ತವೆ. ಹಾಲು ಹಾಕುವವರೂ ಟಪಾಲಿನವರೂ ಯಾರ ಮನೆಯ ಅಂತರವನ್ನೂ ಕೆಡಿಸಬಾರದೆಂದು ಸೈಕಲ್ಲಿನಲ್ಲೇ ಬರುತ್ತಾರೆ. ಹಾಗೆಂದು ನಡೆಯುವುದಕ್ಕೂ ಒಂದು ಮಿತಿ ಬೇಕು. ನಮ್ಮ ಹಿಂದಿನ ಓಣಿಯ ಇಬ್ಬರು ಗೆಳತಿಯರು ಹಿಟ್ಟು, ಸಕ್ಕರೆ, ಸುದ್ದಿ ಎಂದು ದಿನವಿಡೀ ಒಬ್ಬರ ಮನೆಗೊಬ್ಬರು ಓಡಾಡಿ, ನಡುವಿನ ಹಾದಿ ಒಂದು ಸಂದಿಯಷ್ಟೇ ಉಳಿಯಿತು. ಒಬ್ಬಳ ಒಗ್ಗರಣೆಯ ಹೊಗೆ ಇನ್ನೊಬ್ಬಳ ದೇವರ ಕೋಣೆಗೆ ನುಗ್ಗತೊಡಗಿದ ಮೇಲೆ ಇಬ್ಬರಿಗೂ ಜಗಳವಾಯಿತು. ಕಡೆಗೆ ಅವರ ಗಂಡಂದಿರು ಬಾಡಿಗೆಯ ಫಟಫಟಿ ಮೋಟಾರ್ ಸೈಕಲ್ಲು ತಂದು, ಆ ಸಂದಿಯಲ್ಲಿ ಹಿಂದಕ್ಕೂ ಮುಂದಕ್ಕೂ ಓಡಿಸಿ ಮನೆಗಳನ್ನು ಬಿಡಿಸಬೇಕಾಯಿತು.

ನಾನು ಏಳನೆಯ ತರಗತಿಗೆ ಸಾಲೆ ಬಿಟ್ಟೆ. ಬಿಟ್ಟೆ ಎನ್ನುವುದಕ್ಕಿಂತ ಸಾಲೆಯೇ ದೂರ ಹೋಯಿತು. ಉಳ್ಳವರು ಮಕ್ಕಳನ್ನು ವ್ಯಾನಿನಲ್ಲಿ ಕಳಿಸಲು ಶುರುಮಾಡಿದ ಮೇಲೆ ಆ ದಾರಿ ವರ್ಷದಿಂದ ವರ್ಷಕ್ಕೆ ಉದ್ದವಾಯಿತು. ಉದ್ದವಾದಷ್ಟೂ ನಡೆಯುವವರು ಕಡಿಮೆಯಾದರು, ನಡೆಯುವವರು ಕಡಿಮೆಯಾದಷ್ಟೂ ಅದು ಉದ್ದವಾಯಿತು. ಪ್ರಾರ್ಥನೆ ಮುಗಿದ ಮೇಲೆ ಹೋಗಿ ಮುಟ್ಟಿ, ಬಾಗಿಲಲ್ಲಿ ಒಬ್ಬಳೇ ನಿಂತು ಎಲ್ಲರ ಕಣ್ಣಿಗೆ ಬೀಳುವುದು ನನ್ನಿಂದಾಗಲಿಲ್ಲ. ಅವ್ವನ ಜೊತೆ ಕೌದಿ ಹೊಲಿಯಲು ಕುಳಿತೆ. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಹೊಲಿಯುವ ಹೊದಿಕೆ ಅದು. ಬೀದಿಯ ಕಡೆಯ ಕಿಟಕಿಯಲ್ಲಿ ಕೂತರೆ ಸೂಜಿಗೆ ಬೆಳಕು ಬೀಳುತ್ತದೆ, ಹೋಗುವವರು ಬರುವವರು ಕಾಣುತ್ತಾರೆ. ಮಾತಾಡಲು ನಾಚುವವರಿಗೆ ಕಿಟಕಿ ಒಳ್ಳೆಯದು.

ನನ್ನ ಅಕ್ಕ ಮಹಾನಂದಾ ಹಾಗಲ್ಲ. ನಮ್ಮಿಬ್ಬರ ಪಾಲಿನ ಮಾತನ್ನೂ ಅವಳೇ ಆಡುತ್ತಿದ್ದಳು. ಅವಳನ್ನು ಇದೇ ಊರಿನ ಇನ್ನೊಂದು ತುದಿಗೆ, ಎಣ್ಣೆ ಗಾಣದ ಹತ್ತಿರದ ಮನೆಗೆ ಕೊಟ್ಟೆವು. ನಿಶ್ಚಯವಾದ ದಿನದಿಂದ ಮದುವೆಯವರೆಗೆ ಎರಡೂ ಕಡೆಯವರು ದಾರಿ ತುಳಿಯುವುದು ನಮ್ಮಲ್ಲಿ ರೂಢಿ. ಬೆಳಿಗ್ಗೆ ಹೆಣ್ಣಿನವರು ಹೋಗಿ ಗಂಡಿನವರ ಹೊಸ್ತಿಲು ಮುಟ್ಟಿ ಬರುತ್ತಾರೆ, ಸಂಜೆ ಗಂಡಿನವರು ಬಂದು ಹೆಣ್ಣಿನವರ ಹೊಸ್ತಿಲು ಮುಟ್ಟಿ ಹೋಗುತ್ತಾರೆ. ಚಹಾ ಕೇಳಬಾರದು, ಕೊಡಲೂಬಾರದು. ಕೊಟ್ಟರೆ ಕೂತುಬಿಡುತ್ತಾರೆ, ತುಳಿಯುವುದು ನಿಲ್ಲುತ್ತದೆ. ಅಕ್ಕನ ತಲೆಯ ಮೇಲೆ ಅಕ್ಕಿಕಾಳು ಬೀಳುವ ಹೊತ್ತಿಗೆ ಅವಳ ಹೊಸ ಮನೆ ನಾಲಿಗೆ ಸುಡುವ ದೂರಕ್ಕೆ ಬಂದಿತ್ತು.

ಆ ವರ್ಷವೆಲ್ಲ ಅವ್ವ ಹೋಳಿಗೆ ಮಾಡಿದ ದಿನ, ಕಟ್ಟಿನ ಸಾರಿನ ಡಬ್ಬಿ ಹಿಡಿದು ನಾನು ಓಡುತ್ತಿದ್ದೆ. ಅಕ್ಕ ಮುಚ್ಚಳ ತೆಗೆದು ಹಬೆಗೆ ಮುಖ ಹಿಡಿದು, "ಅವ್ವನ ಕೈ ವಾಸನಿ ಐತಿ ನೋಡು" ಎನ್ನುತ್ತಿದ್ದಳು. ಅವಳ ಅತ್ತೆ ತೋಟವ್ವ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತು ನಮ್ಮನ್ನೇ ನೋಡುತ್ತಿದ್ದಳು. ಭಾರವಾದ ಮೈ, ಹಣೆಯ ತುಂಬ ವಿಭೂತಿ, ಬಾಯಲ್ಲಿ ಮಾತಿಲ್ಲ. ಆಕೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ನಾನು ಬಂದದ್ದು ಆಕೆಗೆ ಇಷ್ಟವಿಲ್ಲವೇನೋ ಎಂದುಕೊಂಡು, ಡಬ್ಬಿ ಖಾಲಿಯಾದ ಕೂಡಲೇ ಹೊರಟುಬಿಡುತ್ತಿದ್ದೆ.

ಮರುವರ್ಷ ಅಕ್ಕನ ಗಂಡ, ನಮ್ಮ ಭಾವ ಚನ್ನಬಸು, ಒಂದು ಕೆಂಪು ಕಾರು ತಂದರು. ಕೆಟ್ಟ ಮನಸ್ಸಿನಿಂದ ತಂದದ್ದಲ್ಲ. ತೋಟವ್ವನ ಮೊಣಕಾಲು ಹಿಡಿದಿದ್ದವು. ತಾಯಿ ಕಷ್ಟಪಡಬಾರದೆಂದು ತಂದರು. ಹಾರ ಹಾಕಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು, ಮೊದಲು ತಾಯಿಯನ್ನೇ ಕೂರಿಸಿದರು. ಆದರೆ ಆಕೆ ಹೋಗುವುದಾದರೂ ಎಲ್ಲಿಗೆ? ಮನೆಯಲ್ಲಿ ಕಾರಿದೆಯೆಂದ ಮೇಲೆ ಭಾವ ಅದರಲ್ಲೇ ತಮ್ಮ ಬಟ್ಟೆ ಅಂಗಡಿಗೆ ಬರತೊಡಗಿದರು. ಅಂಗಡಿ ನಮ್ಮ ಓಣಿಯ ಬಾಯಲ್ಲೇ ಇದೆ. ಬೆಳಿಗ್ಗೆ ಒಮ್ಮೆ, ಊಟಕ್ಕೊಮ್ಮೆ, ಮರೆತುಬಂದ ಕನ್ನಡಕಕ್ಕೊಮ್ಮೆ, ಎಲೆ ಅಡಿಕೆಗೊಮ್ಮೆ. ನಮ್ಮ ಕಿಟಕಿ ಕಂಡರೆ ಹಾರ್ನ್ ಹೊಡೆದು ಕೈ ಬೀಸುತ್ತಿದ್ದರು. ನಾನೂ ಬೀಸುತ್ತಿದ್ದೆ.

ದಾರಿ ಹಿಗ್ಗಿತು. ಒಳಗೆ ಕೂತವರಿಗೆ ಅದು ತಿಳಿಯುವುದಿಲ್ಲ. "ಏನ ದೂರರೀ, ಒಂದ ಹಾಡ ಮುಗಿಯೂದರಾಗ ಬಂದ ಬಿಡ್ತೀನಿ" ಎಂದು ಭಾವ ಅವ್ವನ ಮುಂದೆ ಹೇಳುತ್ತಿದ್ದರು. ತಿಳಿಯುವುದು ಡಬ್ಬಿ ಹಿಡಿದವರಿಗೆ. ಹತ್ತಿ ಗಿರಣಿಯ ಗೋಡೆ ಎಷ್ಟು ನಡೆದರೂ ಮುಗಿಯದಾಯಿತು. ಕರೆಂಟಿನ ಕಂಬಗಳು ಒಂದರಿಂದ ಒಂದು ಸರಿದು ತಂತಿಗಳು ಬಿಗಿದುಕೊಂಡವು. ಕಾಗೆ ಕೂತರೆ ಝಣ್ ಎನ್ನುತ್ತಿದ್ದವು. ಸಾರು ಮೊದಮೊದಲು ಬೆಚ್ಚಗೆ ಮುಟ್ಟಿತು, ಆಮೇಲೆ ಆರಿಯೇ ಮುಟ್ಟಿತು. ಅಕ್ಕ ಮುಚ್ಚಳ ತೆಗೆದಳು, ಹಬೆ ಏಳಲಿಲ್ಲ. "ಇರ್ಲಿ ಬಿಡ, ಒಲಿ ಮ್ಯಾಲ ಇಡ್ತೀನಿ" ಎಂದಳು. ಎರಡನೆಯ ಸಲ ಕುದಿದ ಸಾರಿನಲ್ಲಿ ಅವಳ ಅಡುಗೆಮನೆಯ ವಾಸನೆ ಬಂತು, ಅವ್ವನದು ಬರಲಿಲ್ಲ.

ಅದೇ ಹೊತ್ತಿಗೆ ಅಕ್ಕ ಬಸುರಿಯಾದಳು. ಮೊದಲ ಹೆರಿಗೆ ತವರಲ್ಲೇ ಆಗಬೇಕು, ಅದಕ್ಕೆ ಬಸುರಿ ತನ್ನ ಕಾಲಲ್ಲೇ ನಡೆದು ತವರಿನ ಹೊಸ್ತಿಲು ದಾಟಬೇಕು. ನಮ್ಮಲ್ಲಿ ಇದನ್ನು ಯಾರೂ ಮೀರುವುದಿಲ್ಲ. ಮೋಟಾರಿನಲ್ಲಿ ಕೂತು ಬಂದವಳ ಬೆನ್ನ ಹಿಂದೆ ಗಂಡನ ಮನೆ ಸರಿಯುತ್ತಾ ಹೋಗುತ್ತದೆ, ಕೂಸು ಹೊತ್ತು ಮರಳುವಾಗ ಸಿಗುವುದಿಲ್ಲ ಎಂದು ಭಯ. ತುಂಬಿದ ಹೊಟ್ಟೆಯಲ್ಲಿ ಆ ಗಿರಣಿ ಗೋಡೆಯ ಉದ್ದಕ್ಕೆ ಅಕ್ಕ ನಡೆಯುವಂತಿರಲಿಲ್ಲ. ಇತ್ತ ಅವ್ವನಿಗೆ ದಮ್ಮು; ಓಣಿಯ ನಲ್ಲಿಯವರೆಗೆ ಹೋದರೆ ಎದೆ ಹಿಡಿದು ಕೂರುತ್ತಾಳೆ. ದಾರಿ ಕುಗ್ಗದಿದ್ದರೆ ಅಕ್ಕ ಇಲ್ಲಿಗೆ ಬರುವುದಿಲ್ಲ, ಅವ್ವ ಅಲ್ಲಿಗೆ ಹೋಗುವುದಿಲ್ಲ. ಹೆರುವ ಹೊತ್ತಿಗೆ ಅಕ್ಕ ಅವ್ವನ ಕೈ ಹಿಡಿಯುವುದಿಲ್ಲ.

"ನಿಮ್ಮ ಭಾವಗ ಹೇಳ" ಎಂದಳು ಅವ್ವ. "ನಾಕ ದಿನಾ ಆ ಕಾರ ನಿಂದರಸ್ರಿ ಅನ್ನು."

"ನಾ ಹ್ಯಾಂಗ ಹೇಳ್ಲಿ ಯವ್ವಾ?"

"ಬಾಯಿಲೆ ಹೇಳು. ಮತ್ಯಾತರಲೆ ಹೇಳ್ತಿ?"

ಅಂಗಡಿಯವರೆಗೆ ಹೋದೆ. ಬಾಯಿ ಬರಲಿಲ್ಲ. ಕುಪ್ಪಸದ ಬಟ್ಟೆ ನೋಡುವವಳಂತೆ ನಿಂತೆ. ಭಾವ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ಬಂದು, ಥಾನಿನ ಮೇಲೆ ಥಾನು ಬಿಚ್ಚಿ ತೋರಿಸಿ, ಚಹಾ ತರಿಸಿದರು. "ನಿಮ್ಮಕ್ಕಗ ಭಾಳ ಸುಸ್ತ ಆಗ್ತೈತವಾ. ಕಾರ ಐತಿ ಅಂತ ನಡದೈತಿ ನೋಡ" ಎಂದರು. ಅಂಥವರಿಗೆ ಏನು ಹೇಳುವುದು? ಚಹಾ ಕುಡಿದು ಬಂದೆ. ಮರುದಿನದಿಂದ ನಡೆಯತೊಡಗಿದೆ.

ಕೈಯಲ್ಲಿ ಏನೂ ಇಲ್ಲದೆ ಹುಡುಗಿಯೊಬ್ಬಳು ಅತ್ತ ಹೋಗಿ ಇತ್ತ ಬಂದರೆ ಎಲ್ಲರೂ ನೋಡುತ್ತಾರೆ. ಅದಕ್ಕೆ ಒಂದು ಕೌದಿ ಮಡಚಿ ಬಗಲಲ್ಲಿ ಇಟ್ಟುಕೊಳ್ಳುತ್ತಿದ್ದೆ, ಯಾರಿಗೋ ಕೊಡಲು ಹೊರಟವಳಂತೆ. ಅಕ್ಕನ ಹೊಸ್ತಿಲನ್ನು ಬೆರಳಿನಿಂದ ಮುಟ್ಟಿ, ಒಳಗೆ ಹೋಗದೆ ತಿರುಗುತ್ತಿದ್ದೆ. ಗಿರಣಿಯ ಮುಂದೆ ಸೈಕಲ್ ಅಂಗಡಿ ಇಟ್ಟಿರುವ ಮೋದಿನಸಾಬನಿಗೆ ನನ್ನ ಗುಟ್ಟು ಬೇಗ ತಿಳಿಯಿತು.

"ಏ ದಾಕ್ಷಾಯಣಿ, ಆ ಕೌದಿ ಯಾರೂ ಒಲ್ಲೆ ಅಂತಾರೇನ? ದಿನಾ ಅದನ್ನ ಗಾಳಿಗೆ ತಿರಗಾಡಸ್ತಿ."

ನಾನು ತಲೆ ತಗ್ಗಿಸಿ ಹೆಜ್ಜೆ ಚುರುಕು ಮಾಡಿದೆ.

"ನೀ ಕುಗ್ಗಸ್ತಿ, ನಿಮ್ಮ ಭಾವ ಹಿಗ್ಗಸ್ತಾನ. ದಾರಿ ಅಂದ್ರ ಏನ ಟ್ಯೂಬ್ ಅಂತ ತಿಳಿದೀರೇನ ಇಬ್ಬರೂ?" ಎಂದು ಪಂಪಿನ ಹಿಡಿಯ ಮೇಲೆ ಕೈಯಿಟ್ಟು ನಕ್ಕ. ಆಮೇಲೆ ದನಿ ಇಳಿಸಿದ. "ನಡಿ ತಂಗಿ, ನಡಿ. ಬಿಸಲಾದ್ರ ಇಲ್ಲಿ ಕೊಡದಾಗ ನೀರ ಐತಿ."

ಅವನು ಹೇಳಿದ್ದು ಸುಳ್ಳಲ್ಲ. ನಾನು ಬೆಳಿಗ್ಗೆ ಗಳಿಸಿದ್ದನ್ನು ಕಾರು ಮಧ್ಯಾಹ್ನಕ್ಕೆ ಕಳೆಯುತ್ತಿತ್ತು. ಹೊಲಿಗೆಯ ದಾರ ಎಳೆದರೆ ಬಟ್ಟೆ ನೆರಿಗೆಗಟ್ಟಿ ಹತ್ತಿರ ಬರುತ್ತದೆ, ಗಂಟು ಹಾಕದಿದ್ದರೆ ಮತ್ತೆ ಬಿಚ್ಚಿಕೊಳ್ಳುತ್ತದೆ. ನನ್ನ ದಾರಕ್ಕೆ ಗಂಟಿರಲಿಲ್ಲ. ಅಕ್ಕನ ಹೊಟ್ಟೆ ದೊಡ್ಡದಾಗುತ್ತಿತ್ತು. ಅವ್ವ ದಿನಾ ಸಂಜೆ ಬಾಗಿಲಲ್ಲಿ ಕೂತು, "ಬೇವಿನ ಗಿಡ ಎಲ್ಲಿ ಬಂದೈತಿ?" ಎಂದು ಕೇಳುತ್ತಿದ್ದಳು. ಆ ಬೇವಿನ ಮರ ಎರಡು ಮನೆಗಳ ನಟ್ಟನಡುವೆ ಇತ್ತು. "ಇದ್ದಲ್ಲೇ ಐತಿ" ಎನ್ನುತ್ತಿದ್ದೆ.

ಆದರೆ ಒಂದು ಬೆಳಿಗ್ಗೆ ಮರ ಇದ್ದಲ್ಲಿ ಇರಲಿಲ್ಲ. ಹಿಂದಿನ ಸಂಜೆ ನೋಡಿದ್ದಕ್ಕಿಂತ ಈಚೆಗೆ ಬಂದಿತ್ತು. ಮರುದಿನ ಇನ್ನಷ್ಟು ಈಚೆಗೆ. ತಂತಿಗಳು ಸಡಿಲಾಗಿ ಜೋತುಬಿದ್ದಿದ್ದವು. ನಾನಲ್ಲದೆ ಇನ್ನಾರೋ ನಡೆಯುತ್ತಿದ್ದರು. ಧೂಳಿನಲ್ಲಿ ಬಗ್ಗಿ ನೋಡಿದೆ. ಅಗಲವಾದ ಹೆಜ್ಜೆಗಳು, ಎಡಗಾಲು ಹೊರಕ್ಕೆ ತಿರುಗಿದ್ದು, ಪಕ್ಕದಲ್ಲಿ ಕೋಲೂರಿದ ಗುಂಡನೆಯ ಗುರುತು. ಆ ಹೆಜ್ಜೆಗಳು ನಮ್ಮ ಓಣಿಯ ತಿರುವಿನವರೆಗೆ ಬಂದು, ನಮ್ಮ ಬಾಗಿಲು ಕಾಣುವಲ್ಲಿ ಸ್ವಲ್ಪ ಹೊತ್ತು ನಿಂತು, ಹಿಂದಕ್ಕೆ ಹೋಗಿದ್ದವು.

ಮರುದಿನ ಕೋಳಿ ಕೂಗುವಾಗಲೇ ಎದ್ದು ಹೊರಟೆ. ಬೇವಿನ ಮರದ ಆಚೆ ಮಬ್ಬಿನಲ್ಲಿ ತೋಟವ್ವ ಬರುತ್ತಿದ್ದಳು. ಮೊದಲು ಕೋಲು, ಆಮೇಲೆ ಕೆಟ್ಟ ಕಾಲು, ಆಮೇಲೆ ಒಂದು ಉಸಿರು, ಆಮೇಲೆ ಒಳ್ಳೆಯ ಕಾಲು. ಭಾರವಾದ ಕಪಾಟನ್ನು ಕೋಣೆಯಿಂದ ಕೋಣೆಗೆ ಸರಿಸುವವರ ಹಾಗೆ ತನ್ನ ಮೈಯನ್ನು ತಾನೇ ಸರಿಸಿಕೊಂಡು ಬರುತ್ತಿದ್ದಳು. ಎಲ್ಲೂ ನಿಲ್ಲಲಿಲ್ಲ, ಎಲ್ಲೂ ಅವಸರಪಡಲಿಲ್ಲ. ಕಿಟಕಿಯಲ್ಲಿ ಕೂತು ನಾನು ಎಷ್ಟೋ ಜನರ ನಡಿಗೆ ನೋಡಿದ್ದೇನೆ. ಅಷ್ಟು ಚೆಂದದ್ದನ್ನು ನೋಡಿರಲಿಲ್ಲ.

"ಯಾರದು? ದಾಕ್ಷಿ?" ಹತ್ತಿರ ಬಂದ ಮೇಲೆ ಕೇಳಿದಳು. "ಬಗಲಾಗ ಏನದು?"

"ಕೌದಿರೀ ಅತ್ತಿ."

"ಹಾಸು. ಕುಂಡರ್ತೀನಿ."

ಮರದ ಕಟ್ಟೆಯ ಮೇಲೆ ಹಾಸಿದೆ. ಅಷ್ಟು ದಿನ ಸುಮ್ಮನೆ ಹೊತ್ತ ಕೌದಿ ಕಡೆಗೂ ಒಬ್ಬರಿಗೆ ಉಪಯೋಗಕ್ಕೆ ಬಂತು. ಆಕೆ ಕಾಲು ನೀಡಿ ಕೂತು ಮೊಣಕಾಲು ತಿಕ್ಕಿಕೊಂಡಳು.

"ನೋಯಂಗಿಲ್ಲೇನ್ರಿ?" ಎಂದೆ.

"ನೋಯ್ತಾವು. ಕುಂತ್ರೂ ನೋಯ್ತಾವು. ನಡದ್ರ, ಯಾತಕ್ಕ ನೋಯಾಕತ್ತಾವು ಅಂತರ ಗೊತ್ತಿರ್ತೈತಿ."

"ಭಾವಗ ಗೊತ್ತೈತೇನ್ರಿ?"

"ಮಠಕ್ಕ ಹೊಕ್ಕೀನಿ ಅಂತ ಹೇಳೀನಿ. ಕಾರಿನ್ಯಾಗ ಬಿಟ್ಟು ಬರ್ತೀನಿ ಅಂದ. ದೇವರ ಕಡೆ ಹೋಗೂ ಮುಂದ ಹಾರ್ನ್ ಹೊಡೀಬಾರದಪಾ ಅಂದೆ. ಹೌದು ಅಂದು ಮಕ್ಕೊಂಡ."

ಆಗ ಆಕೆ ನಕ್ಕದ್ದನ್ನು ಕಂಡೆ. ಮುಂದಿನ ಒಂದು ಹಲ್ಲು ಇರಲಿಲ್ಲ. ಅದಕ್ಕೇ ಅಷ್ಟು ದಿನ ಬಾಯಿ ಬಿಗಿದಿದ್ದಳೇನೋ. ನನಗೆ ಧೈರ್ಯ ಬಂತು. "ನೀವ್ಯಾಕ ನಡೀತೀರಿ ಅತ್ತಿ?" ಎಂದು ಕೇಳಿದೆ.

ತೋಟವ್ವ ಕೋಲಿನ ತುದಿಯಿಂದ ಧೂಳು ಕೆದರಿದಳು. "ನನಗೂ ಒಬ್ಬಾಕಿ ತಂಗಿ ಅದಾಳ, ನೀಲವ್ವ ಅಂತ. ಇದ ಊರಾಗ, ನಮ್ಮ ತವರಮನ್ಯಾಗ ಅದಾಳ. ನನ್ನ ಗಂಡಂದು ಲಾರಿ ಇತ್ತು, ದಿನಾ ಆ ದಾರೀಲೆ ಹೋಗೂದು ಬರೂದು. ನನ್ನ ತವರಮನಿ ಸರೀತು, ಸರೀತು, ಕಾಣಲಾರದಂಗ ಆತು. ಕಾರ ಬಂದ ಮ್ಯಾಲ ಮಗ ಒಮ್ಮೆ ಕರಕೊಂಡ ಹೋದ. ನೀಲಿ ಚಹಾ ಕೊಟ್ಲು. ಹೊರಡೂ ಮುಂದ ಏನಂದ್ಲು ಗೊತ್ತೇನ? 'ಅಕ್ಕಾ, ನೀ ಹಿಂಗ ಬಂದು ಹೋದ್ರ ನಿನಗ ನಾ ಸಿಗ್ತೀನಿ. ಆದ್ರ ನನಗ ನೀ ಇನ್ನಷ್ಟ ದೂರ ಆಗ್ತಿ' ಅಂದ್ಲು. ಆಕಿಗೆ ಕಾರಿಲ್ಲ, ಕಾಲ ಅಷ್ಟ ಅದಾವು. ಮತ್ತ ಹೋಗಲಿಲ್ಲ ನಾ."

ನಾನು ಕೌದಿಯ ಅಂಚು ಸರಿಮಾಡಿದೆ.

"ನೀ ಡಬ್ಬಿ ತರ್ತಿದ್ದೆಲ್ಲ, ನಾ ನೋಡ್ತಿದ್ನಿ. ಆರಿದ ಡಬ್ಬಿ ತಂದ ದಿನಾ ನಿನ್ನ ಮಾರಿ ನೋಡಿದ್ನಿ. ನೀಲೀ ಮಾರಿ ಕಂಡಂಗಾತು."

ಪಡಸಾಲೆಯಲ್ಲಿ ಕೂತು ಆಕೆ ನೋಡುತ್ತಿದ್ದದ್ದು ಅದನ್ನು. ನಾನು ಬೇರೆಯವರನ್ನು ಕಿಟಕಿಯಿಂದ ನೋಡುವ ಹಾಗೆ ನನ್ನನ್ನೂ ಒಬ್ಬರು ನೋಡುತ್ತಿದ್ದರು ಎಂದು ಆವರೆಗೆ ನನಗೆ ತಿಳಿದಿರಲಿಲ್ಲ.

"ಭಾವಗ ನೀವ ಹೇಳಬಹುದಲ್ರಿ?"

"ನನ್ನ ಕಾಲಿಗೆ ಅಂತ ತಂದಾನ. ಬ್ಯಾಡ ಅಂದ್ರ ಮನಸ್ಸು ಮುರಕೋತಾನ. ನಿನಗೂ ಬಾಯಿಲ್ಲ, ನನಗೂ ಬಾಯಿಲ್ಲ." ಕೋಲೂರಿ ಎದ್ದಳು. "ಹೇಳಾಕ ಆಗಂಗಿಲ್ಲ. ಕೀಲಿ ಮುಚ್ಚಿಡಾಕ ಆಗ್ತೈತಿ."

ಆ ದಿನ ಭಾವನ ಕಾರಿನ ಕೀಲಿ ಕಾಣೆಯಾಯಿತು. ಅಂಗಿಯ ಜೇಬು, ಹಾಸಿಗೆ, ದೇವರ ಮಾಡು, ಕಡೆಗೆ ಎಮ್ಮೆಯ ಮೇವಿನ ಗೋದಲಿಯನ್ನೂ ಹುಡುಕಿದರಂತೆ. ಅದು ಜೋಳದ ಹಿಟ್ಟಿನ ಡಬ್ಬಿಯೊಳಗಿತ್ತು. ಭಾವ ಹುಟ್ಟಿದಾಗಿನಿಂದ ಹಿಟ್ಟಿನ ಡಬ್ಬಿಗೆ ಕೈ ಹಾಕಿದವರಲ್ಲ ಎಂದು ತಾಯಿಗೆ ಚೆನ್ನಾಗಿ ಗೊತ್ತಿತ್ತು. ರೊಟ್ಟಿ ಬಡಿಯುವ ಅಕ್ಕನಿಗೆ ಮಾತ್ರ ಅದು ಮರುದಿನವೇ ಸಿಕ್ಕಿತು. ಅಕ್ಕ ಕೀಲಿಯನ್ನು ತೊಳೆದು, ಸೆರಗಿನಿಂದ ಒರೆಸಿ, ಮತ್ತೆ ಹಿಟ್ಟಿನೊಳಗೇ ಹೂತಿಟ್ಟಳು. ಅತ್ತೆ ಸೊಸೆ ಆ ಬಗ್ಗೆ ಒಂದು ಮಾತೂ ಆಡಲಿಲ್ಲ.

ಭಾವ ಮೋದಿನಸಾಬನ ಅಂಗಡಿಯಿಂದ ಸೈಕಲ್ ತಂದರು. ಮೊದಲ ದಿನ ನಮ್ಮ ಕಿಟಕಿ ಕಂಡು ಅಭ್ಯಾಸಬಲದಿಂದ ಕೈ ಬೀಸಲು ಹೋಗಿ ಗಟಾರಕ್ಕೆ ಇಳಿದರು. "ಗಂಟಿ ಹೊಡೀರಿ ಸಾಹುಕಾರ್ರ, ಕೈ ಬಿಡಬ್ಯಾಡ್ರಿ!" ಎಂದು ಮೋದಿನಸಾಬ ದೂರದಿಂದ ಕೂಗಿದ. ಎರಡನೆಯ ವಾರಕ್ಕೆ ಭಾವ ಹಾಡು ಗುನುಗುತ್ತಾ ಬರುತ್ತಿದ್ದರು. ದಾರಿಯಲ್ಲಿ ಸಿಕ್ಕವರೆಲ್ಲ ಸೈಕಲ್ಲಿನ ಹಿಡಿಕೆ ಹಿಡಿದು ನಿಲ್ಲಿಸಿ ಮಾತಾಡಿಸುತ್ತಿದ್ದರು, ಹಾಗೆಯೇ ಅಂಗಡಿಗೂ ಬರುತ್ತಿದ್ದರು. ಕೀಲಿಯ ಸುದ್ದಿ ಎತ್ತುವುದನ್ನೇ ಬಿಟ್ಟರು. ಕಾರಿನ ಕೆಳಗೆ ಕೋಳಿ ಮೊಟ್ಟೆಯಿಟ್ಟಿತು.

ಈಗ ಹಿಗ್ಗಿಸುವವರು ಇರಲಿಲ್ಲ. ಬೆಳಿಗ್ಗೆ ತೋಟವ್ವ ಅಲ್ಲಿಂದ, ನಾನು ಇಲ್ಲಿಂದ ನಡೆದೆವು. ಬೇವಿನ ಮರದ ಹತ್ತಿರ ಎದುರಾದಾಗ ಕೌದಿ ಹಾಸುತ್ತಿದ್ದೆ, ಆಕೆ ಕೂತು ಎದ್ದು ಮುಂದೆ ಹೋಗುತ್ತಿದ್ದಳು. ಗಿರಣಿಯ ಗೋಡೆ ಮತ್ತೆ ಮೊದಲಿನಂತೆ ಒಂದು ಗೋಡೆಯಾಯಿತು. ಅವ್ವ ಬೇವಿನ ಗಿಡ ಎಲ್ಲಿ ಬಂದಿದೆಯೆಂದು ಕೇಳುವುದನ್ನು ಬಿಟ್ಟಳು. ಬಾಗಿಲಲ್ಲಿ ಕೂತರೆ ಅದರ ತಲೆ ಅವಳಿಗೇ ಕಾಣುತ್ತಿತ್ತು.

ಅಕ್ಕನನ್ನು ಕರೆತರುವ ಬೆಳಿಗ್ಗೆ ಅವ್ವ ಬೇಳೆ ಬಸಿದು ಕಟ್ಟಿನ ಸಾರನ್ನು ಒಲೆಯ ಮೇಲಿಟ್ಟಳು. ನಾನು ಹೋದೆ. ಅಕ್ಕ ಹಸಿರು ಸೀರೆ ಉಟ್ಟು, ಒಂದು ಕೈ ಸೊಂಟಕ್ಕೆ, ಒಂದು ಕೈ ನನ್ನ ಹೆಗಲಿಗೆ ಕೊಟ್ಟು ಹೊಸ್ತಿಲು ಇಳಿದಳು. ಹಿಂದೆ ಭಾವ ಸೈಕಲ್ಲನ್ನು ತಳ್ಳಿಕೊಂಡು, ಕ್ಯಾರಿಯರಿಗೆ ಅವಳ ಬಟ್ಟೆಯ ಗಂಟು ಕಟ್ಟಿಕೊಂಡು ಬಂದರು. ತೋಟವ್ವ ಎಲ್ಲರಿಗಿಂತ ಮುಂದೆ, ಕೋಲು, ಕಾಲು, ಉಸಿರು, ಕಾಲು. ದಾರಿಯುದ್ದಕ್ಕೂ ಅಕ್ಕನದೇ ಮಾತು. ಅವಳ ಮಾತು ಮುಗಿಯುವ ಮೊದಲೇ ನಮ್ಮ ಬಾಗಿಲು ಬಂತು. ಅವ್ವ ಎದ್ದು ನಿಂತಿದ್ದಳು. ಒಳಗೆ ಒಲೆಯ ಮೇಲೆ ಸಾರು ಇನ್ನೂ ಕುದಿ ಹಿಡಿದಿರಲಿಲ್ಲ.

ಹೆಣ್ಣು ಕೂಸು ಹುಟ್ಟಿತು. ಅಕ್ಕ ಅವ್ವನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ ಅವ್ವನ ಬಳೆಗಳು ಒಂದೂ ಉಳಿಯಲಿಲ್ಲ. ಕೂಸನ್ನು ನೋಡಲು ಭಾವ ಸೈಕಲ್ಲನ್ನೂ ಬಿಟ್ಟು ಹೊತ್ತು ಗೊತ್ತಿಲ್ಲದೆ ನಡೆದು ಬರತೊಡಗಿದರು. ತೋಟವ್ವ ಗದರಿದಳು. "ಚನ್ನಬಸೂ, ದಿನಕ್ಕ ಒಮ್ಮೆ ಬಂದ್ರ ಸಾಕು. ಇಲ್ಲಾಂದ್ರ ಬೀಗರ ಒಲಿ ನಮ್ಮ ಪಡಸಾಲ್ಯಾಗ ಬರ್ತೈತಿ."

ಆ ದಿನ ಆಕೆ ಮನೆಗೆ ಹೊರಟಾಗ ನಾನು ಓಣಿಯ ತಿರುವಿನವರೆಗೆ ಕಳಿಸಲು ಹೋದೆ. ಇನ್ನು ಬೆಳಿಗ್ಗೆ ನಡೆಯುವುದಕ್ಕೆ ನಮಗಿಬ್ಬರಿಗೂ ಕಾರಣವಿರಲಿಲ್ಲ. ಆಕೆ ಕೋಲೂರಿ ನಿಂತಳು. ನಾನೇ ಕೇಳಿದೆ.

"ಅತ್ತಿ, ನೀಲವ್ವಾರ ಮನಿ ಯಾವ ದಾರೀಲೆ ಹೋಗಬೇಕ್ರಿ?"

ತೋಟವ್ವ ನನ್ನ ಕಡೆ ತಿರುಗಿದಳು. "ಹುಚ್ಚಿ, ಅದು ಭಾಳ ದೂರಾತು" ಎಂದಳು. ಆಮೇಲೆ ಕೋಲು ಎತ್ತಿ, ಕೆರೆಯ ಏರಿಯ ಕಡೆ ತೋರಿಸಿದಳು.

ಮರುದಿನ ಬೆಳಿಗ್ಗೆ ಇಬ್ಬರೂ ಏರಿ ಹಿಡಿದು ಹೊರಟೆವು. ಅವ್ವ ಡಬ್ಬಿಯಲ್ಲಿ ಸಾರು ಹಾಕಿ ಕೊಟ್ಟಿದ್ದಳು. ಮುಟ್ಟಲಾಗಲಿಲ್ಲ. ಬಿಸಿಲೇರಿದ ಮೇಲೆ ಕೌದಿ ಹಾಸಿ ಕೂತು, ಆರಿದ ಸಾರಿನಲ್ಲಿ ರೊಟ್ಟಿ ಅದ್ದಿ ತಿಂದು ತಿರುಗಿ ಬಂದೆವು. ಮರುದಿನವೂ ಹೋದೆವು. ಮಳೆ ಬಂದು ನಿಂತು, ಜೋಳ ತೆನೆ ಬಿಡುವವರೆಗೂ ಹೋದೆವು. ಒಂದು ದಿನ ಏರಿಯ ತಿರುವು ದಾಟಿದಾಗ ಮುಂದೆ ದಾರಿಯಲ್ಲಿ ಯಾರೋ ಬರುತ್ತಿರುವುದು ಕಂಡಿತು. ಮುದುಕಿ. ಹಣೆಗೆ ಕೈ ಅಡ್ಡ ಹಿಡಿದು ನಮ್ಮ ಕಡೆ ನೋಡುತ್ತಾ ನಿಂತಳು. ಇನ್ನೊಂದು ಕೈಯಲ್ಲಿ ಒಂದು ಡಬ್ಬಿ ಇತ್ತು.

ತೋಟವ್ವ ನನ್ನ ಕೈಯಿಂದ ನಮ್ಮ ಡಬ್ಬಿಯನ್ನು ತೆಗೆದುಕೊಂಡು ತಳಕ್ಕೆ ಅಂಗೈ ಹಚ್ಚಿ ನೋಡಿದಳು.

"ಬೆಚ್ಚಗೈತಿ" ಎಂದಳು.